ದಾರ ಕಡಿಯುವ ಹಲ್ಲು

ಕತ್ತರಿ ಕೈಗೆಟುಕುವಲ್ಲೇ ಇದ್ದರೂ ಅತ್ತಿಗೆ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು. ಹೊಲಿಗೆ ಮುಗಿದ ಅಂಚನ್ನು ಮುಖದ ಬಳಿಗೆ ಎತ್ತುವುದು, ಕತ್ತನ್ನು ತುಸು ಓರೆ ಮಾಡುವುದು, ಮೇಲಿನ ಮುಂಬಲ್ಲಿಗೆ ದಾರವನ್ನು ಸಿಕ್ಕಿಸಿ ಚಟ್ಟನೆ ತುಂಡರಿಸುವುದು, ತುಂಡು ಎಲ್ಲಿ ಬಿತ್ತೆಂದು ನೋಡುವ ವ್ಯವಧಾನವೂ ಇಲ್ಲದೆ ಮುಂದಿನ ಬಟ್ಟೆಗೆ ಕೈ ಚಾಚುವುದು, ಇವೆಲ್ಲ ಒಂದೇ ಉಸಿರಿನಲ್ಲಿ ನಡೆದುಹೋಗುವ ಅವಿಚ್ಛಿನ್ನ ಕ್ರಿಯೆಯಾಗಿತ್ತು. ನಿಶ್ಚಲತೆ ಅವರ ಜಾಯಮಾನದಲ್ಲೇ ಇರಲಿಲ್ಲ. ಕುಳಿತರೆ ಮೊಣಕಾಲು ಅಲುಗುತ್ತಿತ್ತು, ನಿಂತರೆ ಹಿಮ್ಮಡಿ. ಮಾತಿನಲ್ಲೂ ಅಷ್ಟೆ, ಒಂದು ವಾಕ್ಯದ ಬಾಲವನ್ನು ಕೇಳುವವರಿಗೇ ಬಿಟ್ಟುಕೊಟ್ಟು ಇನ್ನೊಂದಕ್ಕೆ ಹಾರುತ್ತಿದ್ದರು. ಎದೆಯ ಮೇಲೆ ಗುಂಡುಸೂಜಿಗಳನ್ನು ಚುಚ್ಚಿಕೊಂಡ ಬಣ್ಣಗೆಟ್ಟ ನೀಲಿ ಮೇಲಂಗಿ ತೊಟ್ಟು, ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟು ಅವರು ಬರುವುದನ್ನು ಕಂಡರೆ ಬೀದಿಯ ಜನ "ಬಿರುಗಾಳಿ ಬಂತು" ಎಂದು ನಕ್ಕು ದಾರಿ ಬಿಡುತ್ತಿದ್ದರು.

ಅವರ ಮೈದುನ ದಂತವೈದ್ಯ. ಹೊಲಿಗೆ ಅಂಗಡಿಯ ಹಿಂದಿನ ಬೀದಿಯಲ್ಲೇ ಅವನ ಚಿಕಿತ್ಸಾಲಯ. ಅವನ ಮೊದಲ ಬಿಳಿ ಕೋಟನ್ನು ಹೊಲಿದುಕೊಟ್ಟವರೂ ಅತ್ತಿಗೆಯೇ. ಅವನ ಅಣ್ಣ ದೂರದೂರಿಗೆ ಸರಕು ಸಾಗಿಸುವ ಲಾರಿ ಚಾಲಕ. ಅಣ್ಣ ದಾರಿಯಲ್ಲಿದ್ದಾಗಲೆಲ್ಲ ಅತ್ತಿಗೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಂಬ ಸಂಗತಿಯನ್ನು ಮೈದುನನಿಗೆ ಯಾರೂ ಹೇಳಿರಲಿಲ್ಲ. ಸವೆದು ಚಪ್ಪಟೆಯಾದ ದವಡೆಹಲ್ಲುಗಳನ್ನು ನೋಡಿ ಅವನೇ ಊಹಿಸಿಕೊಂಡಿದ್ದ. ಗಂಡನ ಪ್ರಯಾಣದ ಬಗ್ಗೆ ಆತಂಕದ ಒಂದೇ ಒಂದು ಮಾತನ್ನೂ ಅವರು ಯಾರ ಮುಂದೂ ಆಡಿದವರಲ್ಲ. ಕೇಳಿದರೆ, ಅವರಿಗೇನು, ಆರಾಮವಾಗಿರ್ತಾರೆ ಎನ್ನುತ್ತ ಮೆಷೀನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು.

ದಾರ ಕಡಿದೂ ಕಡಿದೂ ಆ ಮುಂಬಲ್ಲು ಒಂದು ದಿನ ಮುರಿಯಿತು. ಮೈದುನ ಬೇರಿಗೆ ಚಿಕಿತ್ಸೆ ಮಾಡಿ, ಮೇಲೆ ಪಿಂಗಾಣಿಯ ಕ್ಯಾಪು ಕೂರಿಸಿದ. ಮೆದು ಬ್ರಷ್ಷಿನಿಂದ ಉಜ್ಜಬೇಕು, ಕ್ಯಾಪು ವಸಡನ್ನು ಸೇರುವ ಸಂದಿಯನ್ನು ದಿನವೂ ಹಲ್ಲಿನ ದಾರದಿಂದ ಶುಚಿ ಮಾಡಬೇಕು, ಮಲಗುವಾಗ ಹಲ್ಲು ಸವೆಯದಂತೆ ಕಾಯುವ ಪ್ಲಾಸ್ಟಿಕ್ಕಿನ ಗಾರ್ಡು ಹಾಕಬೇಕು, ಬಟ್ಟೆಯ ದಾರವನ್ನಂತೂ ಬಾಯಿಯ ಹತ್ತಿರಕ್ಕೂ ತರಕೂಡದು ಎಂದು ಸಾರಿ ಸಾರಿ ಹೇಳಿದ. ಅಷ್ಟರಲ್ಲಾಗಲೇ ಒಂದು ಕಾಲನ್ನು ಕುರ್ಚಿಯಿಂದ ಕೆಳಗಿಟ್ಟಿದ್ದ ಅತ್ತಿಗೆ ಎಲ್ಲಕ್ಕೂ ಹೂಂಗುಟ್ಟಿದರು. ಕೆಲವೇ ತಿಂಗಳಲ್ಲಿ, ದಪ್ಪ ಜೀನ್ಸಿನ ಅಂಚು ಹೊಲಿದು ಮತ್ತೆ ಹಲ್ಲಿನಿಂದಲೇ ದಾರ ಕಡಿದವರು, ಒಡೆದ ಪಿಂಗಾಣಿಯ ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ಬಂದರು.

ಉಳಿದ ಕ್ಯಾಪನ್ನು ತೆಗೆದು ನೋಡಿದ ಮೈದುನ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಹೇಳಿದ:

"ಅತ್ತಿಗೆ, ಕ್ಯಾಪು ಒಡೆದ್ರೆ ಇನ್ನೊಂದು ಮಾಡಿಸ್ಬಹುದು. ಒಳಗಿನ ಹಲ್ಲಿನ ಅಂಚಲ್ಲಿ ಹುಳುಕು ಹಿಡಿದಿದೆ. ಈ ಸಲ ಹೇಗೋ ಉಳಿಸ್ತೀನಿ. ಮುಂದಿನ ಸಲ ಕ್ಯಾಪು ಕೂರಿಸೋಕೆ ಅಲ್ಲಿ ಹಲ್ಲೇ ಇರಲ್ಲ."

"ಅಂದ್ರೆ, ಮೇಲಿನ ಬಟ್ಟೆ ಹೊಸದಾಗಿದ್ದು ಲೈನಿಂಗ್ ಕೊಳೆತ ಹಾಗೆ," ಎಂದರು ಅತ್ತಿಗೆ. ಅವರ ಮೊಣಕಾಲು ಅಲುಗುವುದನ್ನು ನಿಲ್ಲಿಸಿದ್ದನ್ನು ಮೈದುನ ಗಮನಿಸಿದ.

ಅಂದಿನಿಂದ ಅವರು ಆ ಹಲ್ಲಿನ ಆರೈಕೆಗೆ ನಿಂತದ್ದೂ ಬಿರುಗಾಳಿಯಂತೆಯೇ. ಮೊದಲು ಪಾತ್ರೆ ತಿಕ್ಕಿದಂತೆ ಉಜ್ಜಿ ವಸಡಿನಲ್ಲಿ ರಕ್ತ ಬರಿಸಿಕೊಂಡರು. ಮೈದುನನೇ ಕನ್ನಡಿಯ ಮುಂದೆ ನಿಲ್ಲಿಸಿ, ಕೈಹಿಡಿದು, ಹಗುರವಾಗಿ ಉಜ್ಜುವುದನ್ನು ಕಲಿಸಬೇಕಾಯಿತು. ದಾರ ಯಾವುದಾದರೇನು ಎಂದು ರೀಲಿನ ನೂಲನ್ನೇ ಹಲ್ಲಿನ ಸಂದಿಗೆ ತೂರಿಸಿ, ಅದು ಎಳೆಯೆಳೆಯಾಗಿ ಸಿಕ್ಕಿಕೊಂಡು, ತುಟಿಯಿಂದ ಕೆಂಪು ನೂಲು ಜೋತಾಡುತ್ತಿರುವಾಗಲೇ ಬೀದಿ ದಾಟಿ ಓಡಿಬಂದರು. ಪುಟ್ಟ ಕತ್ತರಿಯೊಂದು ಕೊರಳಿಗೆ ಬಂತು. ಕೈ ಇನ್ನೂ ಹಳೆಯ ರೂಢಿಯಲ್ಲಿ ಬಟ್ಟೆಯನ್ನು ಬಾಯಿಗೆ ಎತ್ತುತ್ತಿತ್ತು. ತುಟಿಗಳು ಮಾತ್ರ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದವು.

ಗಾರ್ಡೊಂದಕ್ಕೆ ಮಾತ್ರ ಅವರು ಸುತರಾಂ ಒಪ್ಪಲಿಲ್ಲ. ಕುದುರೆಯ ಕಡಿವಾಣವೆಂದರು, ವಾಕರಿಕೆಯೆಂದರು, ಕಳೆದುಹೋಯಿತೆಂದರು. ಮೈದುನ ಬೆನ್ನು ಬಿಡದೆ ಕೇಳಿದಾಗ, ಅವನ ಮುಖ ನೋಡದೆ ನಿಜವನ್ನು ಹೇಳಿದರು.

"ನಿನ್ನಣ್ಣ ಯಾವಾಗ ಫೋನ್ ಮಾಡ್ತಾರೋ ಗೊತ್ತಿರಲ್ಲ. ಅದು ಬಾಯಲ್ಲಿದ್ರೆ ಮಾತು ತೊದಲುತ್ತೆ. ಅಳ್ತಿದ್ದೀನಿ ಅಂದ್ಕೋತಾರೆ. ಗಾಡಿ ಓಡಿಸೋರಿಗೆ ಆ ಯೋಚನೆ ಯಾಕೆ?"

ಹಗಲು ಹೊತ್ತು ಹಾಕಿಕೊಂಡು ಮಾತಾಡಿ ರೂಢಿ ಮಾಡಿಕೊಳ್ಳಿ ಎಂದು ಮೈದುನ ಹೇಳಿ ಕಳಿಸಿದ. ಅವರು ಹಾಗೇ ಮಾಡಿದರು. ಗಂಡನಿಗೆ ತಿಳಿಸುವುದನ್ನು ಮರೆತರು. ಒಂದು ಮಧ್ಯಾಹ್ನ ಗಂಡನ ಫೋನು ಬಂತು, ತೊದಲು ಮಾತು ಅವನ ಕಿವಿಗೆ ಬಿತ್ತು, ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಅವನು ತಮ್ಮನಿಗೆ ಫೋನು ಮಾಡಿದ.

"ಅವಳ ಬಾಯಿ ತೊದಲ್ತಿದೆ ಕಣೋ. ಏನೋ ಆಗಿದೆ. ಓಡು."

ಗಾರ್ಡನ್ನು ಮಾಡಿಕೊಟ್ಟವನೇ ಗಾರ್ಡನ್ನು ಮರೆತ. ಅಣ್ಣನ ದನಿಯಲ್ಲಿದ್ದ ನಡುಕ ಅವನಿಗೂ ಹತ್ತಿಕೊಂಡು, ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು, ಕೈಗವಸು ಕೂಡ ಕಳಚದೆ ಓಡಿದ. ಅತ್ತಿಗೆ ಮೆಷೀನಿನ ಮುಂದೆ ಫೋನನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಲಕ್ವ ಹೊಡೆದಿದೆಯೇ ಎಂದು ನೋಡಲು ಅವನು ಏದುಸಿರು ಬಿಡುತ್ತ ನಗಿ ಎಂದ, ಎರಡೂ ಕೈ ಮೇಲೆತ್ತಿ ಎಂದ. ಸಿಡುಕು ಮೋರೆಯಲ್ಲೇ ಅವರು ಕೈಗಳನ್ನು ಎತ್ತಿದರು. ಎರಡೂ ಸಮನಾಗಿ ಮೇಲೇರಿದವು. ಆಮೇಲೆ ಬಾಯಿಂದ ಗಾರ್ಡು ತೆಗೆದು ಅವನ ಅಂಗೈಯಲ್ಲಿಟ್ಟು, "ನಿಂಗೇನಾಯ್ತೋ?" ಎಂದರು. ಮೈದುನ ಕತ್ತರಿಸಿಟ್ಟ ಬಟ್ಟೆಗಳ ರಾಶಿಯ ಮೇಲೆ ಕುಸಿದು ಕುಳಿತ.

ಮತ್ತೆ ಫೋನು ಬಂದಾಗ ಗಂಡನ ದನಿ ನಡುಗುವುದನ್ನು ಅತ್ತಿಗೆ ಮೊದಲ ಬಾರಿಗೆ ಕೇಳಿದರು. ಹಲ್ಲಿನ ಕಥೆಯನ್ನೆಲ್ಲ, ವಾಕ್ಯಗಳ ಬಾಲ ಕತ್ತರಿಸದೆ, ಪೂರ್ತಿಯಾಗಿ ಹೇಳಿದರು. ಅವನು ಯಾಕೆ ಹಲ್ಲು ಕಡೀತೀಯ ಎಂದು ಕೇಳಿರಬೇಕು. ಅವರು ಮೈದುನನತ್ತ ಬೆನ್ನು ತಿರುಗಿಸಿ, ತಗ್ಗಿದ ದನಿಯಲ್ಲಿ, "ಭಯ ಆಗುತ್ತೆ ರೀ," ಎಂದರು.

ಮೈದುನ ಎರಡನೆಯ ಸಲ ಕೂರಿಸಿದ ಕ್ಯಾಪು ಇಂದಿಗೂ ಗಟ್ಟಿಯಾಗಿದೆ. ತಪಾಸಣೆಗೆ ಅವರು ಕರೆಯದೆಯೇ ಬರುತ್ತಾರೆ, ಕುರ್ಚಿ ಏರುವ ಮೊದಲೇ ಇಳಿಯುವ ಆತುರದಲ್ಲಿರುತ್ತಾರೆ. ಗಂಡ ದಾರಿಯಲ್ಲಿದ್ದ ವಾರಗಳ ಗೀರುಗಳು ಈಗ ಗಾರ್ಡಿನ ಮೇಲೆ ಮೂಡುತ್ತವೆ. ಸವೆದಾಗ ಮೈದುನ ಬೇರೊಂದು ಮಾಡಿಕೊಡುತ್ತಾನೆ. ಕಳವಳ ಮಾತ್ರ ಎಲ್ಲಿಗೂ ಹೋಗಿಲ್ಲ.

ಹಲ್ಲು ಕಚ್ಚಿ ಸಹಿಸುವವರನ್ನು ನಾವು ಗಟ್ಟಿಗರೆಂದು ಹೊಗಳುತ್ತೇವೆ. ಹೊಗಳಿಕೆಯ ಭರದಲ್ಲಿ, ಹಾಗೆ ಕಚ್ಚಿದಷ್ಟೂ ಒಳಗೇನೋ ಸವೆಯುತ್ತಿರುತ್ತದೆ ಎಂಬುದನ್ನು ಮರೆಯುತ್ತೇವೆ. ಇಂಥವರಿಗೆ ಶಾಂತರಾಗಿರಿ ಎಂದು ಉಪದೇಶಿಸಿ ಫಲವಿಲ್ಲ. ಅವರು ಬಾಯಿ ಬಿಡುವುದೇ ಅಪರೂಪ. ಬಿಟ್ಟಾಗ, ಎದುರಿಗಿರುವವರು ಅವಸರ ಮಾಡಬಾರದು.