ಹೊಟ್ಟೆ ಬಿಟ್ಟು ಕೊಟ್ಟ ಅಳತೆ

ನಮ್ಮಣ್ಣ ದರ್ಜಿ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಬ್ಬರದೂ ಅಳತೆಯ ಕೆಲಸವೇ ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಆದರೆ ತನ್ನ ಅಳತೆ ಕೊಡುವಾಗ ಅವನಂಥ ಕಳ್ಳ ಇನ್ನೊಬ್ಬನಿರಲಿಲ್ಲ.

ಅವನಿಗೆ ಶುಗರ್ ಬಂದು ಒಂಬತ್ತು ವರ್ಷ. ಪರೀಕ್ಷೆಗೆ ಇನ್ನು ನಾಲ್ಕು ದಿನ ಎನ್ನುವಾಗ ಮಹಾಶಯನಿಗೆ ಎಲ್ಲಿಲ್ಲದ ಶಿಸ್ತು ಬರುತ್ತಿತ್ತು. ಸಕ್ಕರೆ ಬಂದ್, ಅರೆಹೊಟ್ಟೆ ಊಟ, ಬೆಳಗ್ಗೆ ಸಂಜೆ ನಡಿಗೆ. ಖಾಲಿ ಹೊಟ್ಟೆಯ ರಕ್ತದಲ್ಲಿ ನೂರಹತ್ತು ಬಂದರೆ ಆ ಚೀಟಿಯನ್ನು ಹೊಲಿಗೆ ಮಿಷನ್ನಿನ ಎದುರಿನ ಗೋಡೆಗೆ ಅಂಟಿಸುತ್ತಿದ್ದ. ಅದೇ ಸಂಜೆ ಗುಂಡಿ ಡಬ್ಬದ ಹಿಂದಿನಿಂದ ಬಿಸ್ಕತ್ತಿನ ಪೊಟ್ಟಣ ಹೊರಬರುತ್ತಿತ್ತು.

ಕೊನೆಗೆ ಕಣ್ಣು ಕೈಕೊಟ್ಟಿತು. ಎರಡರಲ್ಲೂ ಪೊರೆ. ಸೂಜಿಗೆ ದಾರ ಪೋಣಿಸಲು ಆಗದು, ಕರಿ ಬಟ್ಟೆಗೆ ನೀಲಿ ದಾರ ಹಾಕಿ ಹೊಲಿದದ್ದೂ ಆಯಿತು. ಕಣ್ಣಿನ ಡಾಕ್ಟರು, "ಮೊದಲು ಮೂರು ತಿಂಗಳ ಶುಗರ್ ನೋಡೋಣ. ಎಂಟು ಪರ್ಸೆಂಟ್ ಒಳಗೆ ಬಂದ್ರೆ ಆಪರೇಷನ್ನಿಗೆ ದಿನ ಕೊಡ್ತೀನಿ" ಎಂದರು. ಅಣ್ಣ ಎಂದಿನಂತೆ ನಾಲ್ಕು ದಿನ ಹೊಟ್ಟೆ ಕಟ್ಟಿ ಬಂದು ತೋಳು ಚಾಚಿದ. ಬಂದದ್ದು ಹತ್ತು ಪಾಯಿಂಟ್ ನಾಲ್ಕು.

"ನಿನ್ನ ಮಿಷನ್ ಕೆಟ್ಟಿದೆ" ಎಂದ.

"ಮಿಷನ್ ನೆಟ್ಟಗಿದೆ. ನಿನ್ನ ನಾಲ್ಕು ದಿನದ ನಾಟಕ ಇದರ ಹತ್ರ ನಡೆಯಲ್ಲ ಅಣ್ಣ. ರಕ್ತಕಣಕ್ಕೆ ಅಂಟಿದ ಸಕ್ಕರೆ ಆ ಕಣ ಸಾಯೋವರೆಗೂ ಬಿಡಲ್ಲ. ಮೂರು ತಿಂಗಳದ್ದು ಒಟ್ಟಿಗೆ ಬಾಯಿ ಬಿಡತ್ತೆ."

ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಹತ್ತು ಇರೋ ಕಡೆ ಏಳು ಅಂತ ಬರೆದ್ರೆ ನಿನ್ನ ಗಂಟೇನು ಹೋಗತ್ತೆ?"

"ನನ್ನ ಗಂಟಲ್ಲ, ನಿನ್ನ ಕಣ್ಣು ಹೋಗತ್ತೆ" ಎಂದೆ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವನು ಮುಖ ಊದಿಸಿಕೊಂಡು ಹೊರಟ. ಹದಿನೈದು ದಿನ ಮಾತಿಲ್ಲ.

ನನ್ನ ಬಿಳಿ ಕೋಟಿನ ತೋಳು ಬಿಚ್ಚಿದೆ ಎಂಬ ನೆಪ ಹಿಡಿದು ನಾನೇ ಅಂಗಡಿಗೆ ಹೋದೆ. ಡೊಳ್ಳು ಹೊಟ್ಟೆಯ ಮೇಷ್ಟ್ರೊಬ್ಬರು ಪ್ಯಾಂಟಿಗೆ ಅಳತೆ ಕೊಡುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಅಣ್ಣ ಟೇಪು ಸುತ್ತಿ ಸುಮ್ಮನೆ ಕಾದ.

"ಸಾರ್, ಹೊಟ್ಟೆ ಬಿಡಿ. ಆ ಪ್ಯಾಂಟಲ್ಲಿ ಕೂರ್ಬೇಕಾದೋರು ನೀವು, ನಾನಲ್ಲ."

ಮೇಷ್ಟ್ರು ನಕ್ಕರು. ಅಳತೆ ಮೂರು ಇಂಚು ಏರಿತು. ಅಣ್ಣ ಅದನ್ನು ಬರೆದುಕೊಳ್ಳುವವನು ಅಲ್ಲೇ ನಿಂತು ನನ್ನ ಕಡೆ ತಿರುಗಿದ.

"ನಗಬೇಡ."

"ನಾನೆಲ್ಲಿ ನಕ್ಕೆ?"

"ಒಳಗೊಳಗೇ ನಗ್ತಿದ್ದೀಯ. ನಾನೂ ನಿನ್ನ ಮುಂದೆ ಹೊಟ್ಟೆ ಎಳ್ಕೊಂಡೇ ನಿಂತಿದ್ದೆ ಅಂತ ತಾನೇ?"

ಡಬ್ಬದ ಹಿಂದಿನ ಪೊಟ್ಟಣ ತೆಗೆದು, ಶಾಲೆ ಮಕ್ಕಳಿಗೆ ಕೊಡಿ ಎಂದು ಮೇಷ್ಟ್ರ ಕೈಗಿಟ್ಟ.

ಆಮೇಲಿನ ಮೂರು ತಿಂಗಳು ಅವನು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಸಕ್ಕರೆಯಿಲ್ಲದ ಚಹಾ ಕುಡಿದು, ಆ ಸಿಟ್ಟಿಗೆ ಮನೆಯವರನ್ನೆಲ್ಲ ಬೈದ. ಊಟವಾದ ಮೇಲೆ ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದ. ನಾನು ದಿನಾ ಕೆಲಸ ಮುಗಿಸಿ ಹೋಗಿ, ಮರುದಿನಕ್ಕೆ ಬೇಕಾಗುವ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಬರುತ್ತಿದ್ದೆ.

ಮತ್ತೆ ಪರೀಕ್ಷೆಯ ದಿನ ತಿಂಡಿ ತಿಂದೇ ಬಂದ; ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. "ಈ ಸಲ ಹೊಟ್ಟೆ ಬಿಟ್ಟು ಕೊಡ್ತಿದ್ದೀನಿ, ತಗೋ" ಎಂದ.

ಎಂಟು ಪಾಯಿಂಟ್ ಒಂದು. ರಕ್ತವನ್ನು ಮಿಷನ್ನಿಗೆ ಇನ್ನೊಮ್ಮೆ ಹಾಕಿದೆ. ಅದೇ. ಇಷ್ಟು ಕಷ್ಟಪಟ್ಟವನಿಗೆ ಕೂದಲೆಳೆಯಲ್ಲಿ ತಪ್ಪಿತ್ತು. ಏಳು ಪಾಯಿಂಟ್ ಒಂಬತ್ತು ಎಂದು ಒತ್ತಿದರೆ ಯಾರಿಗೂ ತಿಳಿಯದು. ಆವತ್ತು ಅವನಿಗೆ ಬುದ್ಧಿ ಹೇಳಿದ ನನ್ನದೇ ಬೆರಳು ಏಳರ ಮೇಲಿತ್ತು.

ಹಿಂದೆ ನಿಂತಿದ್ದ ಅಣ್ಣನಿಗೆ ಪರದೆಯ ಅಂಕಿ ಕಾಣುತ್ತಿರಲಿಲ್ಲ. "ಯಾಕೆ ಸುಮ್ಮನಾದೆ? ಎಷ್ಟು?" ಎಂದ.

ಹೇಳಿದೆ.

"ಇದ್ದದ್ದನ್ನೇ ಬರಿ" ಎಂದ. "ಇನ್ನೂ ಮೂರು ತಿಂಗಳು ದಾರ ಪೋಣಿಸೋಕೆ ಬರ್ತೀಯ ತಾನೇ?"

"ಬರ್ತೀನಿ" ಎಂದು ಎಂಟನ್ನೇ ಒತ್ತಿದೆ.