ಹಗಲು ಮಲಗುವವರ ಮನೆ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಗಾಜೊಂದನ್ನು ಫ್ರೇಮಿನ ಅಳತೆಗೆ ಉಜ್ಜುತ್ತಿದ್ದಾಗ ಬೆನ್ನ ಹಿಂದೆಯೇ ಅಪ್ಪನ ಧ್ವನಿ ಕೇಳಿಸಿತು.

"ಯಾರದು?"

ಕೈ ಜಾರಿತು. ಗಾಜಿನ ಅಂಚು ಚಕ್ಕೆ ಎದ್ದುಹೋಯಿತು. ಮೂವತ್ತು ದಾಟಿದ ಹೆಂಗಸು, ಸ್ವಂತ ಕಾಲ ಮೇಲೆ ನಿಂತವಳು, ಆದರೂ ಆ ಒಂದು ಮಾತಿಗೆ ಅವಳ ಭುಜಗಳು ಕಿವಿಯ ತನಕ ಏರಿ ಅಲ್ಲೇ ನಿಂತುಬಿಟ್ಟವು. ಅಪ್ಪ ಮನೆಯಲ್ಲಿದ್ದಾರೆ, ಈ ಹೊತ್ತಿಗೆ ಊಟ ಮುಗಿಸಿ ಮಲಗಿರುತ್ತಾರೆ ಎಂದು ಬುದ್ಧಿ ಹೇಳುತ್ತಿತ್ತು. ಭುಜಗಳು ಬುದ್ಧಿಯ ಮಾತು ಕೇಳಬೇಕಲ್ಲ.

ತಿರುಗಿ ನೋಡಿದರೆ ಅಂಗಡಿಯ ಕೌಂಟರಿನವಳು ಫೋನು ಹಿಡಿದು ಹಲ್ಲು ಬಿಡುತ್ತ ನಿಂತಿದ್ದಳು. "ನೋಡಕ್ಕ, ಮಾಡಿದ ನೀನೇ ಬೆಚ್ಚಿಬಿದ್ದೆ. ಇನ್ನು ಆಡೋರ ಗತಿ ಏನು?"

ಅವಳು ಕಟ್ಟಿದ ಫೋನಿನ ಆಟಕ್ಕೆ ಜಾಹೀರಾತು ಮಾಡಿಕೊಡುತ್ತೇನೆಂದು ಕೌಂಟರಿನವಳು ಬಹಳ ದಿನದಿಂದ ದುಂಬಾಲು ಬಿದ್ದಿದ್ದಳು. ಮಾಡಿಯೇ ಬಿಟ್ಟಿದ್ದಳು. ಬರೀ ಕಪ್ಪು ಪರದೆ, ಮಲಗಿದವರ ಉಸಿರು, ಚಿಲಕ ಮೆಲ್ಲಗೆ ಸರಿಯುವ ಸದ್ದು, ಉಸಿರು ನಿಲ್ಲುವುದು, ಆಮೇಲೆ ಆ ಕೂಗು. ಅಷ್ಟೇ. ಅದನ್ನು ತನಗೆ ಗೊತ್ತಿರುವ ಗುಂಪುಗಳಿಗೆಲ್ಲ ಕಳಿಸಿಯೂ ಆಗಿತ್ತು. ಚಿತ್ರ ಸುಮಾರಾಗಿದೆ, ಗುಂಡಿಗಳು ಬೆರಳಿಗೆ ಸಿಗುವುದಿಲ್ಲ, ಆದರೆ ಆ ಧ್ವನಿಗೆ ಮೈ ನಡುಗುತ್ತದೆ ಎಂದು ಆಡಿದವರೆಲ್ಲ ಬರೆಯುತ್ತಿದ್ದಾರೆ, ಹಾಗಾಗಿ ಆ ಧ್ವನಿಯನ್ನೇ ಮುಂದಿಟ್ಟೆ ಎಂದು ಅವಳು ವಿವರಿಸಿದಳು. "ಯಾರಕ್ಕ ಆ ನಟ? ಎಲ್ಲಿ ಹಿಡಿದೆ?"

"ಗೊತ್ತಿರೋರು," ಎಂದಳು ಇವಳು. ಆ ಧ್ವನಿ ಬಳಸಲು ಒಪ್ಪಿಗೆ ಇಲ್ಲ, ತೊಂದರೆಯಾಗುತ್ತದೆ, ದಯವಿಟ್ಟು ಅಳಿಸಿಹಾಕು ಎಂದು ಗೋಗರೆದಳು. ಕೌಂಟರಿನವಳು ಮುಖ ಸಣ್ಣ ಮಾಡಿಕೊಂಡು ಅಳಿಸಿದಳು. ತಾನು ಕಳಿಸಿದ್ದನ್ನು ಅಳಿಸಬಹುದು, ಅದನ್ನು ಆಗಲೇ ಮುಂದಕ್ಕೆ ಕಳಿಸಿದವರನ್ನು ಏನು ಮಾಡುವುದು ಎಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಅಪ್ಪ ದಿನಪತ್ರಿಕೆಯ ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವರು. ಕೆಲಸ ಮುಗಿಸಿ ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಅಲ್ಲಿಂದ ಮನೆಯಲ್ಲಿ ಯಾರೂ ಪಿಟಕ್ಕೆನ್ನುವಂತಿರಲಿಲ್ಲ. ಬೇರೆ ಮಕ್ಕಳಿಗೆ ಕತ್ತಲೆಂದರೆ ಭಯವಾದರೆ ಅವಳಿಗೂ ಅವಳ ಅಣ್ಣನಿಗೂ ಬೆಳಕೆಂದರೆ ಭಯ. ಒಳಕೋಣೆಯಿಂದ ಬೀದಿಬಾಗಿಲಿಗೆ ಹೋಗಬೇಕಾದರೆ ನಡುಮನೆಯಲ್ಲಿ ಮಲಗಿದ ಅಪ್ಪನ ಮಂಚವನ್ನು ಹಾದೇ ಹೋಗಬೇಕು. ದಾರಿಯಲ್ಲಿ ಒಂದು ಹಾಸುಗಲ್ಲು ಸಡಿಲ. ನೀರಿನ ಕೊಡದ ಮೇಲಿನ ತಟ್ಟೆ ಅಲುಗಾಡುವಂಥದ್ದು. ಕೊನೆಗೆ ಆ ಚಿಲಕ. ಅಪ್ಪನ ಉಸಿರು ಆಳವಾಗಿದ್ದಾಗ ಹೆಜ್ಜೆ, ತೆಳುವಾದರೆ ಇದ್ದಲ್ಲೇ ನಿಲ್ಲುವುದು. ಎದ್ದರೆ "ಯಾರದು?" ಎಂಬ ಕೂಗು. ಕೂಗಿನ ನಂತರ ಏನು ಬೇಕಾದರೂ ಆಗಬಹುದಿತ್ತು. ಒಮ್ಮೆ ಲೋಟ ಹಾರಿ ಬಂದು ಗೋಡೆಗೆ ಬಡಿದಿತ್ತು. ಒಮ್ಮೆ ಅಣ್ಣನ ಬೆನ್ನಿಗೆ ಬೆಲ್ಟು. ಬಹಳ ಸಲ ಏನೂ ಆಗುತ್ತಿರಲಿಲ್ಲ, ಅಪ್ಪ ಮಗ್ಗುಲಾಗುತ್ತಿದ್ದರು. ಇವತ್ತು ಯಾವುದು ಎಂದು ತಿಳಿಯದೆ ನಿಲ್ಲುವುದಿತ್ತಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಅವಳು ಫೋನಿನಲ್ಲಿ ಪಾಠ ನೋಡಿ, ಹಳೆಯದೊಂದು ಲ್ಯಾಪ್‌ಟಾಪಿನಲ್ಲಿ ಬಿಡುವು ಸಿಕ್ಕಾಗ ಕಟ್ಟಿದ ಮೊದಲ ಆಟ ಇದೇ. ಪುಟ್ಟ ಹುಡುಗಿಯೊಬ್ಬಳನ್ನು ಮಲಗಿದ ಅಪ್ಪನಿಗೆ ಎಚ್ಚರವಾಗದಂತೆ ಬೀದಿಬಾಗಿಲು ದಾಟಿಸಬೇಕು. ಹೊಸಬರು ಮಾಡುವಂತೆ ಅವಳೂ ಕೈಗೆ ಸಿಕ್ಕ ಚಿತ್ರ, ಸಿಕ್ಕ ಸದ್ದುಗಳನ್ನು ಮೊದಲು ತುಂಬಿ, ಒಳ್ಳೆಯದು ಸಿಕ್ಕಂತೆ ಒಂದೊಂದಾಗಿ ಬದಲಿಸುತ್ತ ಹೋದಳು. ಚಿಲಕದ ಸದ್ದಿಗಾಗಿ ಒಂದು ಮಧ್ಯಾಹ್ನ ಮನೆಯಲ್ಲೇ ಫೋನನ್ನು ನೆಲದ ಮೇಲಿಟ್ಟು ಬಾಗಿಲು ತೆಗೆದಿದ್ದಳು. ಬೆಳಕು ಮುಖಕ್ಕೆ ಬಿದ್ದು ಅಪ್ಪ ಕೂಗಿದ್ದರು. ಚಿಲಕದ ಜೊತೆಗೆ ಕೂಗೂ ಫೋನಿಗೆ ಸಿಕ್ಕಿತು. ಸದ್ಯಕ್ಕಿರಲಿ ಎಂದು ಅದನ್ನೇ ಆಟಕ್ಕೆ ಹಾಕಿದಳು. ಆಟ ಹೊರಬರುವ ಹೊತ್ತಿಗೆ ಉಳಿದ ಸದ್ದುಗಳೆಲ್ಲ ಬದಲಾಗಿದ್ದವು, ಅದೊಂದು ಉಳಿದೇ ಹೋಗಿತ್ತು. ಮರೆತಳೋ, ಮರೆತಂತೆ ಮಾಡಿದಳೋ, ಅವಳೇ ಹೇಳಲಾರಳು.

ಅಪ್ಪನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯವೂ ಒಂದಿತ್ತು. ಯಂತ್ರದ ಗದ್ದಲದಲ್ಲಿ ಆಯಸ್ಸು ಕಳೆದವರ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಈಗ ಮನೆಯಲ್ಲಿ ತಮಟೆ ಬಡಿದರೂ ಅವರ ನಿದ್ದೆ ಕೆಡುವುದು ಅನುಮಾನ. ಆದರೆ ಅಮ್ಮ ಈಗಲೂ ಪಾತ್ರೆಯ ಕೆಳಗೆ ಮಡಿಸಿದ ಬಟ್ಟೆ ಹಾಸಿಯೇ ಕೆಳಗಿಡುತ್ತಾಳೆ. ಅವಳೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಒಳಗೆ ಬರುತ್ತಾಳೆ. ಇನ್ನು ಸಾಕು ಎಂದು ಹೇಳುವವರು ಯಾರೂ ಆ ಮನೆಯಲ್ಲಿರಲಿಲ್ಲ.

ಜಾಹೀರಾತು ಅಳಿಸಿದ ಮರುದಿನ ಅವಳು ಅಂಗಡಿಯ ಮಾಲೀಕನ ಕೈಕಾಲು ಹಿಡಿದು "ಯಾರದು?" ಎಂದು ಕೂಗಿಸಿ ಆಟಕ್ಕೆ ಹಾಕಿದಳು. ಪಾಪ, ಅವನು ಜೀವಮಾನವೆಲ್ಲ ಗಿರಾಕಿಗಳನ್ನು ಒಳಗೆ ಕರೆದವನು. ಅವನು ಯಾರದು ಎಂದರೆ ಬನ್ನಿ, ಕೂತ್ಕೊಳ್ಳಿ ಎಂದಂತೆ ಕೇಳಿಸುತ್ತಿತ್ತು. ಆಡುತ್ತಿದ್ದವರು ಸುಮ್ಮನಿರಲಿಲ್ಲ. ಈ ಅಪ್ಪನಿಗೆ ಯಾರು ಹೆದರುತ್ತಾರೆ, ಹಳೆಯ ಅಪ್ಪನನ್ನು ವಾಪಸು ಕೊಡಿ ಎಂದು ಬರೆದರು. ಆಟವನ್ನು ಫೋನಿನಿಂದ ತೆಗೆದುಹಾಕುವವರು ಹೆಚ್ಚಾದರು. ಅದೂ ಎಂಥ ಹೊತ್ತಿನಲ್ಲಿ! ಫೋನಿಗೆ ಆಟ ಇಳಿಸಿಕೊಳ್ಳುವ ಜಾಲತಾಣದವರು ಹೊಸಬರ ಆಟಗಳಲ್ಲಿ ಕೆಲವನ್ನು ಆರಿಸಿ ತಮ್ಮ ಮುಂಪುಟದಲ್ಲಿ ತೋರಿಸುವ ವಾರ ಹತ್ತಿರ ಬಂದಿತ್ತು, ಪರೀಕ್ಷಿಸುವವರ ಪಟ್ಟಿಗೆ ಅವಳ ಆಟವೂ ಸೇರಿತ್ತು. ಅಲ್ಲಿ ಕಾಣಿಸಿದರೆ ಅದು ಬದುಕುತ್ತದೆ, ಇಲ್ಲವಾದರೆ ಲಕ್ಷಾಂತರ ಆಟಗಳ ಕೆಳಗೆ ಹೂತುಹೋಗುತ್ತದೆ. ಅವಳು ಸ್ವಂತಕ್ಕೆಂದು ಮಾಡಿದ್ದು ಬದುಕಿನಲ್ಲಿ ಅದೊಂದೇ.

ಆಮೇಲೆ ಯಾರೋ ಗುರುತಿಲ್ಲದವರು ಬರೆದದ್ದನ್ನು ಓದಿದಳು. ಆ ಕೂಗು ಕೇಳಿ ನಾನು ತುಂಬಿದ ಬಸ್ಸಿನಲ್ಲಿ ಅಲುಗಾಡದೆ ನಿಂತುಬಿಟ್ಟೆ, ನಮ್ಮ ಮನೆಯಲ್ಲೂ ಹೀಗೇ ಇತ್ತು, ಇದನ್ನು ಇನ್ನೊಬ್ಬರು ಬಲ್ಲರೆಂದು ನನಗೆ ತಿಳಿದಿರಲಿಲ್ಲ ಎಂದಿತ್ತು ಅದರಲ್ಲಿ. ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಕಣ್ಣು ತುಂಬಿ ಬಂತು. ಆಮೇಲೆ ಅಪ್ಪನ ಕೂಗನ್ನು ಆಟಕ್ಕೆ ವಾಪಸು ಹಾಕಿದಳು.

ಅಂದಿನಿಂದ ಬೀದಿಯಲ್ಲಿ ಯಾರ ಕೈಯಲ್ಲಿ ಫೋನು ಕಂಡರೂ ಅವಳು ಆಚೆ ಬದಿಗೆ ದಾಟುತ್ತಿದ್ದಳು. ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತಿದರೆ ಸಾಕು, ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು.

ಭಾನುವಾರ ಬೈಂಡಿಂಗ್ ಮಾವ ಬಂದ. ಅಪ್ಪನ ಮುದ್ರಣಾಲಯದಲ್ಲೇ ವಾರಪತ್ರಿಕೆ, ಪುಸ್ತಕಗಳನ್ನು ಕಟ್ಟುತ್ತಿದ್ದವನು. ನೆಂಟನಲ್ಲದಿದ್ದರೂ ಅವಳಿಗೆ ಬಾಲ್ಯದಿಂದ ಮಾವ. ಅವನು ಕುರ್ಚಿಗೆ ಕೂರುವ ಮೊದಲೇ ಜೇಬಿನಿಂದ ಫೋನು ತೆಗೆದದ್ದು ಕಂಡು ಅವಳು ಗೋಡೆಯ ತನಕ ಹಿಂದೆ ಸರಿದಳು. ಅವಳು ಎಲ್ಲವನ್ನೂ ಲೆಕ್ಕಹಾಕಿದ್ದಳು, ಇದೊಂದನ್ನು ಬಿಟ್ಟಿದ್ದಳು. ಆ ಯಂತ್ರಗಳ ಅಬ್ಬರದ ಮೇಲೆ ಕೇಳಿಸುತ್ತಿದ್ದ ಒಂದೇ ಗಂಟಲು ಅಪ್ಪನದು. ಅಲ್ಲಿ ದುಡಿದ ಒಬ್ಬೊಬ್ಬನೂ ಅದನ್ನು ನಿದ್ದೆಗಣ್ಣಿನಲ್ಲೂ ಗುರುತು ಹಿಡಿಯುತ್ತಾನೆ.

"ನಮ್ಮ ಹಳಬರ ಗುಂಪಲ್ಲಿ ಎರಡು ದಿನದಿಂದ ಇದೇ ಮಾತು," ಎಂದ ಮಾವ ನಗುತ್ತ. "ಇದು ನಿನ್ನ ಗಂಟಲಲ್ಲದಿದ್ರೆ ನನ್ನ ಕಿವಿ ಕುಯ್ಕೋತೀನಿ. ಕೇಳು."

ಅಪ್ಪ ಫೋನನ್ನು ಬಲಗಿವಿಗೆ ಒತ್ತಿ ಹಿಡಿದರು. ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತು. ಮಗಳು ಗೋಡೆಗೆ ಒರಗಿದ್ದಳು. ಕೂಗು ಕೋಣೆಯಲ್ಲೆಲ್ಲ ಕೇಳಿಸಿತು. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

ಯಾರು ಮಾಡಿದ್ದು ಇದನ್ನು ಎಂದು ಅಪ್ಪ ಕೇಳಿದರು. ಇದು ಫೋನಿನಲ್ಲಿ ಆಡುವ ಆಟ, ನಿನ್ನ ಮಗಳ ಹೆಸರೇ ಇದೆಯಲ್ಲಯ್ಯ, ನಿನಗೆ ಹೇಳಿಲ್ಲವಾ ಎಂದು ಮಾವ ಹೆಮ್ಮೆಯಿಂದಲೇ ಹೇಳಿದ. ಅಪ್ಪ ಅವಳ ಕಡೆ ನೋಡಿದರು. ಲೋಟವೋ, ಬೆಲ್ಟೋ, ಮಗ್ಗುಲೋ.

"ಇದನ್ನ ಆಡೋದು ಹೆಂಗೆ?" ಎಂದರು ಅಪ್ಪ.

ಅವಳು ತನ್ನ ಫೋನಿನಲ್ಲಿ ಆಟ ತೆರೆದು, ಹುಡುಗಿಯನ್ನು ನಡೆಸುವುದು ಹೇಗೆ, ನಿಲ್ಲಿಸುವುದು ಹೇಗೆ ಎಂದು ತೊದಲುತ್ತ ತೋರಿಸಿದಳು. ಅಪ್ಪ ಫೋನು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏನೋ ಎಡವಟ್ಟಾಗಿದೆ ಎಂದು ಮಾವನಿಗೆ ಆಗ ಹೊಳೆಯಿತು. ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದುಹೋದ.

ಆ ಮಧ್ಯಾಹ್ನವೆಲ್ಲ ಮುಚ್ಚಿದ ಬಾಗಿಲ ಹಿಂದಿನಿಂದ ಅದೇ ಕೂಗು. ಯಾರದು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಯಾರದು. ತಾಯಿ ಮಗಳು ಅಡುಗೆಮನೆಯಲ್ಲಿ ನೆಲದ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದರು. ಒಳಗೆ ಆ ಹುಡುಗಿ ಸಿಕ್ಕಿಬಿದ್ದಾಗಲೆಲ್ಲ ಅಮ್ಮ ಕಣ್ಣು ಮುಚ್ಚುತ್ತಿದ್ದಳು. ಇದನ್ನು ಯಾಕಾದರೂ ಮಾಡಿದೆಯೇ ತಾಯಿ ಎಂದು ಪಿಸುಗುಟ್ಟಿದಳು. ಭಯದಿಂದ ಮಾಡಿದೆ ಎಂದರೆ ಅಮ್ಮನಿಗೆ ಅರ್ಥವಾಗುತ್ತಿತ್ತೋ ಏನೋ.

ಬಿಸಿಲು ಇಳಿದ ಮೇಲೆ ಬಾಗಿಲು ತೆರೆಯಿತು. ಬಾ ಇಲ್ಲಿ ಎಂದರು ಅಪ್ಪ. ಅವಳು ಸಡಿಲ ಹಾಸುಗಲ್ಲನ್ನು ದಾಟಿ ಹೋಗಿ ಬಾಗಿಲ ಹತ್ತಿರವೇ ನಿಂತಳು. ಅಪ್ಪ ಅವಳ ಮಂಚದ ತುದಿಯಲ್ಲಿ ಕನ್ನಡಕ ಹಣೆಗೆ ಏರಿಸಿಕೊಂಡು ಕೂತಿದ್ದರು.

"ಇವಳು ದಾಟೋದೇ ಇಲ್ವಲ್ಲ."

"ಮಲಗಿದೋರ ಉಸಿರು ಕೇಳಿಸ್ಕೊಂಡು ನಡೆಸ್ಬೇಕು ಅಪ್ಪ," ಎಂದು ಅವಳು ದನಿ ಎತ್ತಿ ಹೇಳಿದಳು. "ಉಸಿರು ನಿಂತಾಗ ನಿಲ್ಬೇಕು."

"ಯಾವ ಉಸಿರು?"

ಅವಳಿಗೆ ಆಗ ತಿಳಿಯಿತು. ಅಷ್ಟು ಹೊತ್ತೂ ಅಪ್ಪನಿಗೆ ಕೂಗೊಂದೇ ಕೇಳಿಸಿತ್ತು. ಅದು ಯಾವಾಗ ಬರುತ್ತದೆ, ಯಾಕೆ ಬರುತ್ತದೆ ಎಂದು ಒಂದೂ ಗೊತ್ತಾಗದೆ ಹುಡುಗಿಯನ್ನು ನಡೆಸಿದ್ದರು, ಸಿಕ್ಕಿಬಿದ್ದಿದ್ದರು.

ಅಪ್ಪ ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. ಇಷ್ಟು ಜೋರಾಗಿ ಕೂಗುತ್ತಿದ್ದೆನೇ ಎಂದು ಕೇಳಿದರು. ಇಲ್ಲ ಅಪ್ಪ, ಆಟಕ್ಕೆಂದು ಜೋರು ಮಾಡಿದ್ದು ಎಂಬ ಸುಳ್ಳು ಅವಳ ನಾಲಗೆಯ ತುದಿಯಲ್ಲಿತ್ತು. ಹೌದು ಎಂದಳು.

"ಮಿಷನ್ ಮುಂದೆ ಹಂಗೇ ಕೂಗ್ಬೇಕಿತ್ತು."

"ಮನೇಲಿ ಮಿಷನ್ ಇರ್ಲಿಲ್ಲ ಅಪ್ಪ."

ಅಪ್ಪನ ದವಡೆ ಅಲುಗಾಡಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅಪ್ಪ ಕೈ ಎತ್ತಿದಾಗ ಅವಳ ಭುಜಗಳು ಕಿವಿಗೆ ಏರಿದವು. ಅವರು ಎತ್ತಿದ್ದು ಫೋನನ್ನು ಹಿಂದಿರುಗಿಸಲು. ಆ ಭುಜಗಳನ್ನು ಅಪ್ಪ ನೋಡಿದರು. ನೋಡಿ, ಕೈಯನ್ನು ಬಹಳ ನಿಧಾನವಾಗಿ ಕೆಳಗಿಳಿಸಿ, ಫೋನನ್ನು ಮಂಚದ ಮೇಲೆ ಅವಳ ಕಡೆಗೆ ಸರಿಸಿದರು.

"ಸರಿ ಮಾಡು," ಎಂದರು.

ಧ್ವನಿಯನ್ನು ಕಿತ್ತುಹಾಕು ಎಂದರೋ, ಆಟವನ್ನು ಸರಿಪಡಿಸು ಎಂದರೋ ಕೇಳುವ ಧೈರ್ಯ ಅವಳಿಗಿರಲಿಲ್ಲ. ಮರುದಿನ ಅಂಗಡಿಯಲ್ಲೂ ಅದೇ ಯೋಚನೆ. ಕೊನೆಗೆ ಕೂಗನ್ನು ಮುಟ್ಟಲಿಲ್ಲ. ಮಲಗಿದ ಅಪ್ಪನ ಮೇಲೆ ಒಂದು ಹೊದಿಕೆ ಬರೆದಳು. ಉಸಿರಿನ ಜೊತೆಗೆ ಅದು ಏಳುವಂತೆ, ಇಳಿಯುವಂತೆ, ಉಸಿರು ನಿಂತಾಗ ನಿಲ್ಲುವಂತೆ ಮಾಡಿದಳು. ಕಿವಿ ಕೇಳಿಸದವರೂ ಆಡಬಹುದು ಎಂದು ಹೊಸ ಜಾಹೀರಾತು ಮಾಡಲು ಕೌಂಟರಿನವಳಿಗೆ ಹೇಳಿದಳು. ಅವಳು ಖುಷಿಯಿಂದ ಕುಣಿದಳು. ಹೊಸ ಆಟವನ್ನು ಅಪ್ಪನ ಫೋನಿಗೆ ಹಾಕಿ, ನಡುಮನೆಯ ಮಂಚದ ಮೇಲಿಟ್ಟು ಕೆಲಸಕ್ಕೆ ಹೋದಳು.

ಮುಂಪುಟದ ಆಟಗಳನ್ನು ತಿಳಿಸುವ ದಿನ ಅವಳಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನವೇ ಮನೆಗೆ ಹೊರಟಳು. ಜೇಬಿನಲ್ಲಿ ಫೋನು ಎರಡು ಸಲ ನಡುಗಿತು. ಕೌಂಟರಿನವಳೇ ಇರಬೇಕು. ತೆಗೆದು ನೋಡಲು ಭಯವಾಗಿ ಹಾಗೇ ನಡೆದಳು.

ಬೀದಿಬಾಗಿಲು ತೆರೆದೇ ಇತ್ತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟು, ಕೊಡ ದಾಟಿ ಅಪ್ಪನ ಮಂಚದ ಹತ್ತಿರಕ್ಕೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಪಾತ್ರೆಯೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದವಳು ಬೆರಳನ್ನು ತುಟಿಗೆ ಒತ್ತಿದಳು. ಅಪ್ಪ ಮಲಗಿರಲಿಲ್ಲ. ಮಂಚದ ಮೇಲೆ ಬೆನ್ನು ಬಗ್ಗಿಸಿ ಕೂತು, ಫೋನನ್ನು ಎರಡೂ ಕೈಗಳಲ್ಲಿ ಹಿಡಿದಿದ್ದರು. ಪರದೆಯ ಮೇಲೆ ಹುಡುಗಿ ಹಾಸುಗಲ್ಲು ದಾಟಿ, ಕೊಡ ದಾಟಿ, ಚಿಲಕದ ಹತ್ತಿರ ಹೋಗಿದ್ದಳು. ಹೊದಿಕೆ ಏಳುತ್ತ, ಇಳಿಯುತ್ತ ಇದ್ದದ್ದು ನಿಂತಿತು. ಅಪ್ಪನ ಹೆಬ್ಬೆರಳು ನಿಂತಿತು. ಅಪ್ಪನ ಎದೆಯೂ ಏರಿಳಿಯುತ್ತಿರಲಿಲ್ಲ.

ಮುಂದಿನ ಹೆಜ್ಜೆಗೆ ಸಡಿಲವಾದ ಕಲ್ಲು. ಅವಳು ಎತ್ತಿದ ಕಾಲನ್ನು ಕೆಳಗಿಡದೆ, ಗೋಡೆಯನ್ನು ಹಿಡಿದು ಒಂಟಿ ಕಾಲಿನಲ್ಲೇ ನಿಂತಳು.