ಇಂಗ್ಲಿಷ್ ಟಾಕಿಗೆ ನಾನು ಕೊಟ್ಟ ಅರ್ಥ

ಇಂಗ್ಲಿಷ್ ಅಂದರೆ ಬೆವರುವವರೆಲ್ಲ ಪಕ್ಕಕ್ಕೆ ಸರಿಯಿರಿ! ತುಂಗಭದ್ರೆಯ ಈ ದಂಡೆಯಲ್ಲಿ ಒಂದು ಇಡೀ ಇಂಗ್ಲಿಷ್ ಟಾಕಿ ಸಿನಿಮಾವನ್ನು ನಿಂತ ನಿಲುವಿನಲ್ಲಿ ಕನ್ನಡ ಮಾಡಿ ಒಗೆದ ಗಂಡು ನಿಮ್ಮ ಮುಂದಿದ್ದಾನೆ. ಹೆಸರು ಉಮಾಪತಿ, ಊರು ಗಂಗಾವತಿ. ನನ್ನ ಸಮ ಇನ್ನೊಬ್ಬನಿದ್ದರೆ ಕರೆತನ್ನಿ, ನೋಡೇಬಿಡೋಣ.

ಆಗ ನಾನು ಕಲಬುರಗಿಯಲ್ಲಿ ಇಂಟರ್ ಓದುತ್ತಿದ್ದೆ. ನಿಜಾಮರ ರಾಜ್ಯದ ಕಾಲೇಜು. ಚರಿತ್ರೆ, ಲೆಕ್ಕ ಎಲ್ಲವೂ ಉರ್ದುವಿನಲ್ಲಿ. ಅದರ ಮೇಲೆ ಎರಡನೆಯ ಭಾಷೆಯೆಂದು ಇಂಗ್ಲಿಷ್ ಬೇರೆ. ನನ್ನ ತಲೆಯಲ್ಲಿ ಉಳಿದಿದ್ದ ಜಾಗವನ್ನು ಹಿಂದೂಸ್ತಾನಿ ಟಾಕಿಗಳ ಡೈಲಾಗುಗಳು ಮೊದಲೇ ಹಿಡಿದುಬಿಟ್ಟಿದ್ದವು. ಇಂಗ್ಲಿಷ್ ಮಾಸ್ತರರು ಪಾಠ ಓದೆಂದು ಎಬ್ಬಿಸಿದಾಗ ಎದೆಗೆ ಕೈಯಿಟ್ಟು, "ಹುಜೂರ್, ಮೈ ಬೇಗುನಾಹ್ ಹೂಂ!" ಎಂದು ನಿರಪರಾಧಿಯ ಡೈಲಾಗು ಹೊಡೆದೆ. ಕ್ಲಾಸು ಬಿದ್ದುಬಿದ್ದು ನಕ್ಕಿತು. ಮಾಸ್ತರರು ಸೊನ್ನೆ ಕೊಟ್ಟರು.

ಬೇಸಿಗೆ ರಜೆಗೆ ಊರಿಗೆ ಬಂದಾಗ, ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಅಪ್ಪ ವಿರೂಪಾಕ್ಷಪ್ಪ ಕೇಳಿದ:

"ಲೇ ಉಮ್ಯಾ, ಇಂಗ್ಲಿಷ್ ಬಂತೋ ಇಲ್ಲೋ?"

"ನೀರು ಕುಡದಂಗ ಬರತೈತಿ, ಯಪ್ಪಾ."

"ನನ್ನ ಕಣ್ಣ ಮುಂದ ಒಮ್ಮಿ ತೋರಸು. ಬಂದ್ರ ಕಾಲೇಜಿಗೆ ಹೋಗು. ಬರಲಿಲ್ಲಂದ್ರ ಇಲ್ಲೇ ಕುಂತು ಅರಿವಿ ಹರಿ."

ನನಗೆ ಕಾಲೇಜು ಅಂದರೆ ಕಲಬುರಗಿಯ ಸಿನಿಮಾ, ಗೆಳೆಯರು, ಮಧ್ಯಾಹ್ನದ ಚಹಾದಂಗಡಿ. ಇಲ್ಲಿ ಅಂದರೆ ಸಾಯುವತನಕ ಗಜಕೋಲು.

ತೋರಿಸುವ ಹೊತ್ತು ಆ ವಾರವೇ ಬಂತು. ಟೆಂಟ್ ಸಿನಿಮಾದ ಶಫೀಸಾಬ ಏದುಸಿರು ಬಿಡುತ್ತ ಅಂಗಡಿ ಹೊಕ್ಕ.

"ಸಾವಕಾರ್ರ, ನನ್ನ ಇಜ್ಜತ್ ಉಳಸ್ರಿ! ಬಳ್ಳಾರಿಯವ್ರು ರೀಲಿನ ಡಬ್ಬಿ ಅದಲಬದಲ ಮಾಡಿ ಇಂಗ್ಲಿಷ್ ಪಿಚ್ಚರ್ ಕಳಿಸ್ಯಾರ. ತಿಳೀಲಿಲ್ಲಂದ್ರ ಮಂದಿ ಟೆಂಟಿಗೆ ಬೆಂಕಿ ಹಚ್ಚತಾರ. ನಿಮ್ಮ ಮಗಾ ನಡುನಡುವ ನಿಂತು ಕಥಿ ಹೇಳಲಿ."

ಅಪ್ಪ ನನ್ನ ಕಡೆ ನೋಡಿದ. "ಹೇಳ್ತಾನ ತಗೋ."

ಶಫೀಸಾಬನ ಹತ್ತಿರ ಇದ್ದದ್ದು ಒಂದೇ ಮಿಷನ್ನು. ಒಂದೊಂದು ರೀಲು ಮುಗಿದಾಗಲೂ ದೀಪ ಹಚ್ಚಿ ಮುಂದಿನದನ್ನು ಏರಿಸಬೇಕು. ಆ ಬಿಡುವಿನಲ್ಲಿ ನಾನು ಮೇಜು ಹತ್ತಿ, ತಗಡಿನ ತುತ್ತೂರಿಯಲ್ಲಿ ಕಥೆ ಹೇಳಬೇಕು.

ಮೊದಲ ರೀಲಿನಲ್ಲಿ ಟೋಪಿಯವನೊಬ್ಬ ಅಳುತ್ತಿದ್ದ ಹೆಂಗಸಿನ ಕಣ್ಣೊರೆಸಿದ. ಮೀಸೆಯವನೊಬ್ಬ ಕುದುರೆಯ ಮೇಲೆ ಬಂದು ಬೈದು ಹೋದ. ದೀಪ ಹತ್ತಿತು.

"ಭಾಯಿಯೋ! ಈ ಟೋಪಿಯಾಂವ ಜಾನಸಾಹೇಬ. ಆಕಿ ಇವನ ಒಡಹುಟ್ಟಿದ ತಂಗಿ. ಆ ಮೀಸಿಯಾಂವ ಜಾಲಿಮ್ ಜಮೀನ್ದಾರ, ಇವರ ಹೊಲಾ ನುಂಗ್ಯಾನ!"

ಗಂಡಸರು ಮೀಸೆಯವನಿಗೆ ಬೈದರು. ನಡುವೆ ಅಡ್ಡ ಕಟ್ಟಿದ್ದ ಪರದೆಯಾಚೆ ಹೆಂಗಸರ ಕಡೆಯಿಂದ ನನ್ನ ಸೋದರತ್ತೆ ಗುರುಲಿಂಗಮ್ಮನ ದನಿ ಕೇಳಿತು: "ತಂಗಿ ಮ್ಯಾಲೆ ಎಷ್ಟ ಜೀವ ಇಟ್ಟಾನ ನೋಡ್ರೆವಾ!"

ಅಪ್ಪ ಮುಂದಿನ ಕುರ್ಚಿಯಲ್ಲಿ ತಲೆದೂಗಿದ. ಕಾಲೇಜು ಕಿಸೆಗೆ ಬಿತ್ತು ಅಂದುಕೊಂಡೆ.

ಮುಂದಿನ ರೀಲಿನಲ್ಲಿ ಬೆಳದಿಂಗಳು. ಜಾನಸಾಹೇಬ ಆ ಹೆಂಗಸನ್ನು ಹತ್ತಿರ ಎಳೆದು ತುಟಿಗೆ ತುಟಿ ಒತ್ತಿಬಿಟ್ಟ.

ಟೆಂಟಿನಲ್ಲಿ ಬೀಡಿಗಳೂ ಹೊಗೆಯಾಡುವುದನ್ನು ನಿಲ್ಲಿಸಿದವು.

"ಥೂ! ತಂಗೀಗೇನೋ?"

"ಹೆಣ್ಣುಮಕ್ಕಳ್ನ ಕರಕೊಂಡ ಬಂದೀವೋ, ಬಂದ್ ಮಾಡೋ ಶಫ್ಯಾ!"

ಯಾರೋ ಟೆಂಟಿನ ಗೂಟ ಅಲ್ಲಾಡಿಸತೊಡಗಿದರು. ದೀಪ ಹತ್ತಿತು. ಶಫೀಸಾಬ ನನಗೆ ಕೈಮುಗಿದ. ಅಪ್ಪ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದ.

"ಖಾಮೋಶ್!" ಎಂದು ಕೂಗಿದೆ. "ಆಕಿ ತಂಗಿ ಅಲ್ಲ! ತಂಗಿ ಅಂತ ತಿಳಕೊಂಡು ಬೆಳದಿದ್ರು, ಅಷ್ಟ. ಈಗ ಗುಟ್ಟು ಹೊರಬಿತ್ತು. ಆಕಿ ಇವನ ಸೋದರತ್ತಿ ಮಗಳು! ಅತ್ತಿ ಸಾಯೂ ಮುಂದ ಕೂಸನ್ನ ಇವರವ್ವನ ಉಡ್ಯಾಗ ಹಾಕಿ ಹೋಗಿದ್ಲು!"

ಹೆಂಗಸರ ಕಡೆಯಿಂದ ಗುರುಲಿಂಗಮ್ಮ ಅತ್ತೆ ಕೂಗಿದಳು:

"ಹಂಗಂತ ಮದಲ ಹೇಳಬಾರದನೋ ಮೂಳಾ! ಅತ್ತಿ ಮಗಳಂದ್ರ ಹಕ್ಕಿನ ಹೆಣ್ಣು. ಲಗೂನ ಲಗ್ನ ಮಾಡ್ರಿ!"

ಟೆಂಟು ನಿರಾಳವಾಯಿತು. ಕೊನೆಯ ರೀಲಿನಲ್ಲಿ ಪಾದ್ರಿ ಅವರಿಬ್ಬರ ಮದುವೆ ಮಾಡಿಸಿದಾಗ ಹೆಂಗಸರು ತಿನ್ನುತ್ತಿದ್ದ ಚುರುಮುರಿಯನ್ನೇ ಅಕ್ಷತೆಯೆಂದು ಎರಚಿದರು.

ಮರುದಿನ ಬೆಳಿಗ್ಗೆ, ರಜೆ ಇನ್ನೂ ಉಳಿದಿದ್ದರೂ ಆಗಲೇ ಟ್ರಂಕು ತುಂಬುತ್ತಿದ್ದ ನನ್ನನ್ನು ಅಪ್ಪ ಅಂಗಡಿಗೆ ಕರೆಸಿದ.

"ನನಗ ಇಂಗ್ಲಿಷ್ ಬರೂದಿಲ್ಲಪಾ," ಅಂದ. "ಆದರ ಸಿಕ್ಕಿಬಿದ್ದಾಂವ ಮಾತು ಹೆಂಗ ತಿರುಗಿಸ್ತಾನ ಅನ್ನೂದು ಗೊತ್ತೈತಿ. ಕೆಂಪು ಸೀರಿ ಕೇಳಿದಾಕಿಗೆ ಹಸರು ಸೀರಿ ಕೊಟ್ಟು, ಆಕಿ ನಕ್ಕೋತ ಹೋಗೂವಂಗ ಮಾಡೂದು ಕಲಿಯಾಕ ನನಗ ಅರ್ಧ ಆಯುಷ್ಯ ಹಿಡೀತು. ನಿನಗ ಹುಟ್ಟಾ ಬಂದೈತಿ. ಇಂಥಾವಗ ಕಾಲೇಜ್ ಯಾಕ? ಬಾ, ಕುಂಡ್ರು."

ಎದೆಗೆ ಕೈಯಿಟ್ಟು ಡೈಲಾಗು ಹೊಡೆಯಬೇಕೆಂದುಕೊಂಡೆ. ಒಂದೂ ನೆನಪಾಗಲಿಲ್ಲ. ಕೂತೆ.

ನಿಜ ಹೇಳಿಬಿಡುತ್ತೇನೆ. ಅಷ್ಟೂ ರೀಲುಗಳಲ್ಲಿ ನನಗೆ ತಿಳಿದದ್ದು 'ಕಮಾನ್' ಮತ್ತು 'ಗುಡ್‌ಬೈ' ಮಾತ್ರ. ಆ ಹೆಂಗಸು ಅವನಿಗೆ ಏನಾಗಬೇಕೋ, ಮೀಸೆಯವನು ಯಾಕೆ ಬೈದನೋ, ಅಸಲು ಆ ಕಥೆಯಲ್ಲಿ ಹೊಲವೇ ಇತ್ತೋ ಇಲ್ಲವೋ, ದೇವರಾಣೆ, ನನಗೆ ಇವತ್ತಿಗೂ ಗೊತ್ತಿಲ್ಲ.